ರಿಮೋಟ್ ಒತ್ತಿದ್ದೇನೋ ನಿಜ, ಲೈಟಿಗೆ ಕೇಳಿಸಿತಾ?

ನಮ್ಮ ಅಮ್ಮನ ಕೋಣೆಯಲ್ಲಿ ಲೈಟಿನ ಸ್ವಿಚ್ ಬಾಗಿಲ ಪಕ್ಕದಲ್ಲಿದೆ. ಮಂಚ ಇರುವುದು ಎದುರು ಗೋಡೆಗೆ. ನಡುವೆ ಎಂಟು ಹೆಜ್ಜೆ. ಮಂಡಿನೋವು ಶುರುವಾದ ಮೇಲೆ, ಲೈಟ್ ಆರಿಸಿ ಕತ್ತಲಲ್ಲಿ ಆ ಎಂಟು ಹೆಜ್ಜೆ ಹಾಕುವುದು ಅಮ್ಮನಿಗೆ ದಿನಾ ರಾತ್ರಿಯ ಪರೀಕ್ಷೆಯಾಯಿತು. ನಡುರಾತ್ರಿ ಎದ್ದರೆ ಮತ್ತೆ ಅದೇ ಎಂಟು ಹೆಜ್ಜೆ, ಈ ಸಲ ನಿದ್ದೆಗಣ್ಣಲ್ಲಿ.

ಹಳೇ ಮನೆಗಳಲ್ಲಿ ಇದಕ್ಕೊಂದು ಉಪಾಯ ಇತ್ತು: ಬೆಡ್ ಸ್ವಿಚ್. ಪೇರಳೆಕಾಯಿ ಆಕಾರದ ಪುಟ್ಟ ಪ್ಲಾಸ್ಟಿಕ್ ಉಂಡೆ, ಉದ್ದದ ವೈರಿನ ತುದಿಯಲ್ಲಿ ಮಂಚದ ತಲೆಗೆ ನೇತಾಡುತ್ತಿತ್ತು. ಮಲಗಿದಲ್ಲೇ ಕೈಚಾಚಿ ಒತ್ತಿದರೆ ಆಯಿತು. ಹಾಗೆ ನೋಡಿದರೆ ನಮ್ಮ ಮನೆಗಳ ಮೊದಲ ರಿಮೋಟ್ ಅದೇ. ತಲೆದಿಂಬಿನ ಪಕ್ಕದಲ್ಲೇ 230 ವೋಲ್ಟ್ ನೇತಾಡುತ್ತದೆ ಅನ್ನುವುದೊಂದು ಬಿಟ್ಟರೆ ಅದರಲ್ಲಿ ಕೊರತೆ ಏನೂ ಇರಲಿಲ್ಲ.

ಆ ವೈರು ಬೇಡ ಅಂತ ನಾನು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ನಾಲ್ಕು ಗುಂಡಿಯ ಒಂದು ರಿಮೋಟ್ ಮತ್ತು ಅದರ ರಿಸೀವರ್ ತಂದೆ. 650 ರೂಪಾಯಿ. ಅದನ್ನು ಕೂರಿಸಲು ಹೋಗಿ ಕಲಿತದ್ದು ಅದರ ಬೆಲೆಗಿಂತ ಜಾಸ್ತಿ. ದೂರದಲ್ಲಿ ಕೂತು 'ಆರು' ಅಂತ ಹೇಳುವುದು ತೀರಾ ಸುಲಭ. ಆ ಕಡೆಯವರಿಗೆ ಕೇಳಿಸಿತಾ, ಈಗ ಅದು ಹತ್ತಿದೆಯಾ ಆರಿದೆಯಾ ಅಂತ ತಿಳಿಯುವುದು ಕಷ್ಟ. ಮನೆಯ ರಿಮೋಟುಗಳ ತಕರಾರು ಹೆಚ್ಚುಕಮ್ಮಿ ಎಲ್ಲವೂ ಇಲ್ಲೇ ಹುಟ್ಟುವುದು.

ಬೆಳಕಿನಲ್ಲಿ ಹೇಳುವುದು

ಟಿವಿ ರಿಮೋಟ್ ಕೈಗೆ ತೆಗೆದುಕೊಳ್ಳಿ. ಮೊಬೈಲಿನ ಕ್ಯಾಮರಾ ತೆರೆದು, ಸೆಲ್ಫಿ ಕಡೆಗೆ ತಿರುಗಿಸಿ. ರಿಮೋಟಿನ ಮೂತಿಯನ್ನು ಕ್ಯಾಮರಾಗೆ ಹಿಡಿದು ಯಾವುದಾದರೂ ಗುಂಡಿ ಒತ್ತಿ. ತುದಿಯ ಬಲ್ಬು ನೇರಳೆ ಬಣ್ಣದಲ್ಲಿ ಮಿಣುಕುವುದು ಕಾಣುತ್ತದೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಅಲ್ವಾ? ಅದು ಇನ್‌ಫ್ರಾರೆಡ್ ಬೆಳಕು, ಸುಮಾರು 940 ನ್ಯಾನೋಮೀಟರ್‌ನದು. ನಮ್ಮ ಕಣ್ಣಿಗೆ ಕೆಂಪಿನಿಂದ ಆಚೆ ಕಾಣದು, ಕ್ಯಾಮರಾಗೆ ಸ್ವಲ್ಪ ಕಾಣುತ್ತದೆ. ರಿಮೋಟ್ ಕೆಟ್ಟಿದೆಯಾ, ಟಿವಿ ಕೆಟ್ಟಿದೆಯಾ ಅಂತ ಗೊತ್ತು ಮಾಡಿಕೊಳ್ಳಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಕೆಲವು ಫೋನುಗಳ ಹಿಂದಿನ ಕ್ಯಾಮರಾ ಈ ಬೆಳಕನ್ನು ತಡೆಯುತ್ತದೆ. ಅದಕ್ಕೇ ಸೆಲ್ಫಿ ಕ್ಯಾಮರಾ ಅಂದೆ.

ಆದರೆ ಬಿಸಿಲಲ್ಲೂ ಇನ್‌ಫ್ರಾರೆಡ್ ಇದೆ. ಹಾಗಾದರೆ ಕಿಟಕಿಯಿಂದ ಬಿಸಿಲು ಬಿದ್ದಾಗಲೆಲ್ಲ ಟಿವಿ ತಾನೇ ಚಾನೆಲ್ ಬದಲಿಸಬೇಕಿತ್ತಲ್ಲ? ಒಂದು ಕಾಲದಲ್ಲಿ ಹಾಗೇ ಆಗುತ್ತಿತ್ತು. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿಯ ಯೂಜೀನ್ ಪಾಲಿ ಮಾಡಿದ ಫ್ಲ್ಯಾಶ್‌ಮ್ಯಾಟಿಕ್ ರಿಮೋಟ್ ಬರೀ ಒಂದು ಟಾರ್ಚ್. ಟಿವಿಯ ಮೂಲೆಗಳಿಗೆ ಬೆಳಕು ಬಿಟ್ಟರೆ ಕೆಲಸ ಆಗುತ್ತಿತ್ತು. ಬಿಸಿಲು ಬಿದ್ದರೂ ಆಗಿಬಿಡುತ್ತಿತ್ತು! ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಬೆಳಕು ಬಿಟ್ಟು ಸದ್ದು ಹಿಡಿದರು. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತಿತ್ತು. ಕಿವಿಗೆ ಕೇಳದಷ್ಟು ಕೀರಲು ದನಿ ಟಿವಿಗೆ ಕೇಳುತ್ತಿತ್ತು. ಬ್ಯಾಟರಿಯೇ ಬೇಡ. ನನಗಂತೂ ಈ ಸರಳು ರಿಮೋಟ್ ಕಂಡರೆ ಹೊಟ್ಟೆಕಿಚ್ಚು. ಆದರೆ ಕೀಲಿಗೊಂಚಲು ಝಣಗುಟ್ಟಿದರೂ ಚಾನೆಲ್ ಬದಲಾಗುವ ಅಪಾಯ ಇತ್ತು.

ಈಗಿನ ರಿಮೋಟುಗಳು ಈ ಎರಡೂ ತೊಂದರೆಯನ್ನು ಒಂದೇ ಉಪಾಯದಲ್ಲಿ ಕಳೆದುಕೊಂಡಿವೆ. ಬೆಳಕನ್ನು ಸುಮ್ನೆ ಬಿಡುವುದಿಲ್ಲ, ಸೆಕೆಂಡಿಗೆ ಸುಮಾರು 38,000 ಸಲ ಮಿಣುಕಿಸುತ್ತವೆ. ಬಿಸಿಲು ಹಾಗೆ ಮಿಣುಕುವುದಿಲ್ಲ. ಟಿವಿಯೊಳಗಿನ ಕಣ್ಣು ಆ ತಾಳಕ್ಕೆ ಮಿಣುಕುವ ಬೆಳಕನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಮೇಲೆ ಒಂದು ವಿಳಾಸವೂ ಇರುತ್ತದೆ. ತುಂಬಾ ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡಿನ ಒಂದು ದೊಡ್ಡ ಮಿಣುಕು, ಅಂದರೆ 'ಇಲ್ಲಿ ಕೇಳ್ರಪ್ಪಾ'. ನಂತರ ನಾಲ್ಕೂವರೆ ಮಿಲಿಸೆಕೆಂಡಿನ ಮೌನ. ಆಮೇಲೆ ಯಾರಿಗೆ ಹೇಳುತ್ತಿದ್ದೇನೆ ಅನ್ನುವ ವಿಳಾಸ, ಏನು ಮಾಡಬೇಕು ಅನ್ನುವ ಆಜ್ಞೆ. ಎರಡನ್ನೂ ಒಮ್ಮೆ ನೇರ, ಒಮ್ಮೆ ತಿರುಗುಮುರುಗು ಮಾಡಿ ಹೇಳುತ್ತದೆ. ಎರಡೂ ತಾಳೆಯಾದರೆ ಮಾತ್ರ ಟಿವಿ ಒಪ್ಪಿಕೊಳ್ಳುತ್ತದೆ. ಒಟ್ಟು 32 ಬಿಟ್, ಎಲ್ಲ ಮುಗಿಯಲು ಸೆಕೆಂಡಿನ ಹದಿನೈದನೇ ಒಂದು ಪಾಲು ಸಾಕು.

ಇಷ್ಟಾದರೂ ಟಿವಿ ವಾಪಸ್ ಏನೂ ಹೇಳುವುದಿಲ್ಲ. ರಿಮೋಟಿಗೆ ಬಾಯಿ ಇದೆ, ಕಿವಿ ಇಲ್ಲ. ಟಿವಿ ವಿಷಯದಲ್ಲಿ ಇದು ತೊಂದರೆಯಲ್ಲ, ಎದುರಿಗೇ ಕಾಣುತ್ತದೆ. ಎಸಿ ವಿಷಯಕ್ಕೆ ಬಂದರೆ ಕತೆ ಬೇರೆ. ಟಿವಿ ರಿಮೋಟ್ 'ಸದ್ದು ಒಂದು ಹಂತ ಏರಿಸು' ಅನ್ನುತ್ತದೆ. ಎಸಿ ರಿಮೋಟ್ ಸಾಮಾನ್ಯವಾಗಿ ಹಾಗನ್ನುವುದಿಲ್ಲ. ಯಾವ ಗುಂಡಿ ಒತ್ತಿದರೂ ಪೂರ್ತಿ ಪಟ್ಟಿ ಓದುತ್ತದೆ: '24 ಡಿಗ್ರಿ, ಕೂಲ್, ಫ್ಯಾನ್ ಮಧ್ಯಮ, ರೆಕ್ಕೆ ಆಡಲಿ'. ಆ ಪಟ್ಟಿ ಇರುವುದು ರಿಮೋಟಿನ ಪರದೆಯ ಮೇಲೆ, ಎಸಿಯಲ್ಲಿ ಅಲ್ಲ. ಹಾಗಾಗಿ ನೀವು ಗೋಡೆಗೆ ಮುಖ ಮಾಡಿ 26 ಮಾಡಿದರೆ ರಿಮೋಟ್ 26 ತೋರಿಸುತ್ತಾ ಕೂರುತ್ತದೆ, ಎಸಿ 24ರಲ್ಲೇ ಕೊರೆಯುತ್ತಿರುತ್ತದೆ. ಮತ್ತೊಮ್ಮೆ ಎಸಿ ಕಡೆ ಹಿಡಿದು ಏನನ್ನಾದರೂ ಒತ್ತಿ, ಪೂರ್ತಿ ಪಟ್ಟಿ ಹೊಸದಾಗಿ ಹೋಗಿ ಎರಡೂ ಒಂದಾಗುತ್ತವೆ. ರಿಮೋಟ್ ಕೆಟ್ಟಿದೆ ಅಂತ ಹೊಸದು ಕೊಳ್ಳುವ ಮೊದಲು ಇದೊಂದು ಮಾಡಿ ನೋಡಿ.

ಗೋಡೆ ದಾಟುವ ಮಾತು

ಇನ್‌ಫ್ರಾರೆಡ್ ಗೋಡೆ ದಾಟುವುದಿಲ್ಲ. ಪರದೆ, ದಿಂಬು, ಅಡ್ಡ ನಿಂತ ಮೊಮ್ಮಗ, ಯಾವುದನ್ನೂ ದಾಟುವುದಿಲ್ಲ. ಅಮ್ಮ ಕತ್ತಲಲ್ಲಿ ರಿಮೋಟನ್ನು ಗುರಿಯಿಟ್ಟು ಹಿಡಿಯಬೇಕು ಅಂದರೆ ಅದೂ ಒಂದು ಪರೀಕ್ಷೆಯೇ. ಅದಕ್ಕೇ ನಾನು ತಂದದ್ದು ರೇಡಿಯೋ ರಿಮೋಟ್. ಕಾರಿನ ಕೀ, ಗೇಟು, ವೈರಿಲ್ಲದ ಕಾಲಿಂಗ್ ಬೆಲ್ ಇವುಗಳ ಜಾತಿಯದು. ಇಂಥವು ಬಹುಪಾಲು 433 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ನಮ್ಮ ದೇಶದಲ್ಲಿ 433ರಿಂದ 434ರ ನಡುವೆ ಕಡಿಮೆ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಬೇಕಿಲ್ಲ.

ಇಲ್ಲಿ ಒಂದು ಸಣ್ಣ ಅನಾಹುತದ ಕತೆ ಹೇಳಬೇಕು. ರಿಸೀವರ್ ಪೆಟ್ಟಿಗೆಯಿಂದ ಒಂದು ತೆಳ್ಳನೆ ವೈರು ಹೊರಗೆ ಬಾಲದ ಹಾಗೆ ಇತ್ತು, ಇನ್ನೊಂದು ತುದಿ ಎಲ್ಲಿಗೂ ಸೇರದು. ನಮ್ಮ ಎಲೆಕ್ಟ್ರಿಷಿಯನ್ ಅಚ್ಚುಕಟ್ಟಿನ ಮನುಷ್ಯ. 'ಇದೇನು ಸುಮ್ನೆ ನೇತಾಡ್ತಿದೆ' ಅಂತ ಕಟಿಂಗ್ ಪ್ಲೈಯರ್‌ನಲ್ಲಿ ಕತ್ತರಿಸಿ, ಪೆಟ್ಟಿಗೆಯನ್ನು ಸ್ವಿಚ್‌ಬೋರ್ಡಿನೊಳಗೆ ಚೆಂದವಾಗಿ ಕೂರಿಸಿದರು. ಮೇಜಿನ ಮೇಲಿಟ್ಟು ನೋಡಿದಾಗ ಇಡೀ ಮನೆಗೆ ಕೇಳುತ್ತಿದ್ದ ರಿಮೋಟ್, ಈಗ ಬೋರ್ಡಿನಿಂದ ನಾಲ್ಕು ಹೆಜ್ಜೆ ಆಚೆ ಸತ್ತುಹೋಯಿತು.

ಆ ಬಾಲವೇ ಆಂಟೆನಾ. ಅದರ ಉದ್ದ ಯಾರೋ ಮನಸ್ಸಿಗೆ ಬಂದ ಹಾಗೆ ಇಟ್ಟದ್ದಲ್ಲ. 433 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್. ಅದರ ಕಾಲುಭಾಗ, ಅಂದರೆ 17 ಸೆಂಟಿಮೀಟರ್ ಚಿಲ್ಲರೆ ಉದ್ದದ ತಂತಿ ಆ ಅಲೆಗೆ ಚೆನ್ನಾಗಿ ಮಿಡಿಯುತ್ತದೆ. ಕತ್ತರಿಸಿದರೆ ಕಿವಿ ಕತ್ತರಿಸಿದ ಹಾಗೆ. ನಾನು ಸ್ಕೇಲು ಹಿಡಿದು 17.3 ಸೆಂಟಿಮೀಟರ್ ವೈರು ಅಳೆದು ಮತ್ತೆ ಬೆಸುಗೆ ಹಾಕಿದೆ. ಕೆಲವು ಪೆಟ್ಟಿಗೆಗಳಲ್ಲಿ ಸ್ಪ್ರಿಂಗಿನ ಹಾಗೆ ಸುತ್ತಿದ ಪುಟ್ಟ ತಂತಿ ಇರುತ್ತದೆ, ಅದೂ ಇದೇ. ಇನ್ನೊಂದು ಸಂಗತಿ: ಗೋಡೆಯೊಳಗೆ ಹೂತಿರುವ ಬಾಕ್ಸ್ ತಗಡಿನದಾದರೆ ಅದು ರೇಡಿಯೋ ಅಲೆಯನ್ನು ನಾಲ್ಕೂ ಬದಿಯಿಂದ, ಹಿಂದಿನಿಂದಲೂ ತಡೆಯುತ್ತದೆ. ಮುಂದಿನ ಪ್ಲಾಸ್ಟಿಕ್ ಪ್ಲೇಟಿನ ಹಿಂದೆಯೇ ಆಂಟೆನಾ ಚಾಚಿಕೊಂಡಿರುವಂತೆ ಇಟ್ಟರೆ ಸರಿಹೋಗುತ್ತದೆ.

ಪಕ್ಕದ ಮನೆಯವರ ಬೆಲ್ ಒತ್ತಿದರೆ ನಮ್ಮ ಮನೆಯಲ್ಲಿ ಸದ್ದಾಗುವುದು ನೋಡಿದ್ದೀರಾ? ಅದು ವಿಳಾಸ ಒಂದೇ ಆದಾಗಿನ ಕತೆ. ಹಳೆಯ ಅಗ್ಗದ ರಿಮೋಟುಗಳಲ್ಲಿ ವಿಳಾಸವನ್ನು ನಾವೇ ಒಳಗೆ ಬೆಸುಗೆ ಹಾಕಿ ಬದಲಿಸಬೇಕಿತ್ತು. ಯಾರೂ ಬದಲಿಸುತ್ತಿರಲಿಲ್ಲ. ಈಗ ಹೆಚ್ಚಾಗಿ ಸಿಗುವುದು ಇವಿ1527 ಚಿಪ್ಪಿನವು. ಇದರಲ್ಲಿ 20 ಬಿಟ್‌ನ ವಿಳಾಸ ಕಾರ್ಖಾನೆಯಲ್ಲೇ ಕೂತಿರುತ್ತದೆ, ಅಂದರೆ 10 ಲಕ್ಷಕ್ಕೂ ಮೀರಿದ ಬೇರೆ ಬೇರೆ ವಿಳಾಸಗಳು. ರಿಸೀವರಿನ ಕಲಿಯುವ ಗುಂಡಿ ಒತ್ತಿ, ರಿಮೋಟ್ ಒಂದು ಸಲ ಒತ್ತಿದರೆ 'ಇವರು ನಮ್ಮವರು' ಅಂತ ನೆನಪಿಟ್ಟುಕೊಳ್ಳುತ್ತದೆ. ಆದರೆ ಪ್ರತಿ ಸಲವೂ ಅದೇ ಸಂದೇಶ ಹೋಗುವುದರಿಂದ ಅದನ್ನು ಕೇಳಿಸಿಕೊಂಡು ನಕಲು ಮಾಡುವುದು ಕಷ್ಟವಲ್ಲ. ಮಲಗುವ ಕೋಣೆಯ ಲೈಟಿಗೆ ಪರವಾಗಿಲ್ಲ, ಯಾವ ಕಳ್ಳನೂ ಬಂದು ಅದನ್ನು ಆರಿಸುವುದಿಲ್ಲ. ಗೇಟಿಗೆ, ಬಾಗಿಲ ಬೀಗಕ್ಕೆ ಮಾತ್ರ ಇದನ್ನು ಹಾಕಬೇಡಿ. ಅವಕ್ಕೆ ಒತ್ತಿದಾಗಲೆಲ್ಲ ಕೋಡ್ ಬದಲಾಗುವ ರೋಲಿಂಗ್ ಕೋಡ್ ರಿಮೋಟ್ ಬೇಕು.

ಟಕ್ ಅನ್ನುವವನು

ರಿಸೀವರ್ ಕೇಳಿಸಿಕೊಂಡಿತು. ಆದರೆ ಅದರೊಳಗಿನ ಚಿಪ್ಪು 5 ವೋಲ್ಟಿನ ಪುಟ್ಟ ಜೀವ, ಲೈಟು 230 ವೋಲ್ಟಿನದು. ನಡುವೆ ಕೆಲಸ ಮಾಡುವವನು ರಿಲೇ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ನೀಲಿ ಡಬ್ಬಿ. ಒಳಗೆ ತಾಮ್ರದ ಸುರುಳಿ. ಚಿಪ್ಪು ಅದಕ್ಕೆ ಸ್ವಲ್ಪ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ಒಂದು ಪಟ್ಟಿಯನ್ನು ಎಳೆಯುತ್ತದೆ. ಟಕ್. ಪಟ್ಟಿ ಹೋಗಿ ಇನ್ನೊಂದು ತುದಿಗೆ ತಾಗುತ್ತದೆ, ಲೈಟಿನ ದಾರಿ ಕೂಡುತ್ತದೆ. ಸುರುಳಿಗೂ ಆ ಪಟ್ಟಿಗೂ ವಿದ್ಯುತ್ ಸಂಬಂಧ ಇಲ್ಲ, ಬರೀ ಎಳೆತದ ಸಂಬಂಧ. ನಿಮ್ಮ ಬೆರಳು ಸ್ವಿಚ್ ಒತ್ತುತ್ತಿತ್ತಲ್ಲ, ಆ ಬೆರಳಿನ ಬದಲು ಇದು.

ಈ ಬೆರಳು ಸದಾ ಎಚ್ಚರವಾಗಿರಬೇಕು. ಲೈಟ್ ಆರಿದ್ದಾಗಲೂ ರಿಸೀವರಿಗೆ ಕರೆಂಟ್ ಬೇಕು. ಅದಕ್ಕೆ ಕರೆಂಟ್ ತರುವ ಫೇಸ್ ಜೊತೆ, ಅದು ವಾಪಸ್ ಹೋಗುವ ನ್ಯೂಟ್ರಲ್ ವೈರೂ ಬೇಕು. ನಮ್ಮ ಮನೆಗಳಲ್ಲಿ ಬರೀ ಲೈಟಿನ ಸ್ವಿಚ್ ಇರುವ ಬಾಕ್ಸಿಗೆ ಎಷ್ಟೋ ಸಲ ಫೇಸ್ ಮಾತ್ರ ಬಂದಿರುತ್ತದೆ, ನ್ಯೂಟ್ರಲ್ ಮೇಲಿನಿಂದಲೇ ನೇರ ಬಲ್ಬಿಗೆ ಹೋಗಿರುತ್ತದೆ. ಸುಲಭದ ಗುರುತು: ಆ ಬೋರ್ಡಿನಲ್ಲಿ ಒಂದು ಪ್ಲಗ್ ಪಾಯಿಂಟ್ ಇದ್ದರೆ ಅಲ್ಲಿ ನ್ಯೂಟ್ರಲ್ ಇದ್ದೇ ಇರಬೇಕು. 'ನ್ಯೂಟ್ರಲ್ ಬೇಡ' ಅಂತ ಮಾರುವ ಸ್ವಿಚ್ಚುಗಳೂ ಇವೆ. ಅವು ಬಲ್ಬಿನ ಮೂಲಕವೇ ಒಂಚೂರು ಕರೆಂಟ್ ಕದ್ದು ಬದುಕುತ್ತವೆ. ಹಳೆಯ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. 9 ವಾಟಿನ ಎಲ್‌ಇಡಿಗೆ ಗೊತ್ತಾಗುತ್ತದೆ, ಆರಿಸಿದ ಮೇಲೂ ಮಂಕಾಗಿ ಹೊಳೆಯುತ್ತದೆ ಅಥವಾ ಆಗಾಗ ಮಿಟುಕುತ್ತದೆ. ಮನೆಯಲ್ಲಿ ದೆವ್ವ ಇಲ್ಲ, ಬಲ್ಬಿನ ಪಕ್ಕ ಒಂದು ಸಣ್ಣ ಕೆಪಾಸಿಟರ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಎಚ್ಚರವಾಗಿರುವುದಕ್ಕೆ ಎಷ್ಟು ಕರೆಂಟ್ ಬೇಕು ಅಂತ ಅಪ್ಪ ಕೇಳಿದರು. ಅರ್ಧ ವಾಟ್ ಅಂತ ಹಿಡಿದರೆ ವರ್ಷವಿಡೀ ನಾಲ್ಕೂವರೆ ಯೂನಿಟ್ಟಿಗೂ ಕಡಿಮೆ. ಅಪ್ಪ ಒಪ್ಪಿದರು.

ಈಗ ನಿಜವಾದ ತೊಡಕು. ರಿಸೀವರನ್ನು ಗೋಡೆಯ ಸ್ವಿಚ್ಚಿನ ಮುಂದೆ ಸಾಲಾಗಿ ಹಾಕಿದರೆ, ಯಾರೋ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆರಿಸಿದ ಕೂಡಲೇ ರಿಮೋಟ್ ಕೆಲಸಕ್ಕೆ ಬಾರದು. ರಿಮೋಟಿನಿಂದ ಆರಿಸಿದರೆ ಗೋಡೆಯ ಸ್ವಿಚ್ ಕೆಲಸಕ್ಕೆ ಬಾರದು. ಮನೆಗೆ ಬಂದ ನೆಂಟರು ಸ್ವಿಚ್ಚನ್ನು ಟಕಟಕ ಅನ್ನಿಸಿ, 'ನಿಮ್ಮ ಬಲ್ಬ್ ಹೋಗಿದೆ' ಅನ್ನುತ್ತಾರೆ. ರಿಮೋಟ್ ಬಂದ ಮೇಲೂ ಗೋಡೆಯ ಸ್ವಿಚ್ ಎಂದಿನಂತೆ ಕೆಲಸ ಮಾಡಲೇಬೇಕು, ಇಲ್ಲದಿದ್ದರೆ ಆ ವ್ಯವಸ್ಥೆ ಮನೆಯಲ್ಲಿ ಬಾಳುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕೆ ಉತ್ತರ ನಮ್ಮ ಮೆಟ್ಟಿಲುಗಳಲ್ಲೇ ಇದೆ. ಕೆಳಗೊಂದು ಮೇಲೊಂದು ಸ್ವಿಚ್, ಯಾವುದನ್ನು ಒತ್ತಿದರೂ ಲೈಟ್ ಬದಲಾಗುತ್ತದೆ. ಟೂ-ವೇ ಅನ್ನುತ್ತಾರೆ. ಎರಡು ಸ್ವಿಚ್ಚಿನ ನಡುವೆ ಎರಡು ವೈರು ಓಡುತ್ತವೆ. ಎರಡೂ ಸ್ವಿಚ್ಚು ಒಂದೇ ವೈರಿನ ಮೇಲೆ ಕೂತಿದ್ದರೆ ಲೈಟ್ ಹತ್ತುತ್ತದೆ, ಬೇರೆ ಬೇರೆ ವೈರಿನ ಮೇಲಿದ್ದರೆ ಆರುತ್ತದೆ. ಸುರುಳಿಯ ಎರಡು ಕಾಲು ಬಿಟ್ಟರೆ ಆ ನೀಲಿ ರಿಲೇಗೂ ಮೂರೇ ಕಾಲು ಇರುವುದು, ಟೂ-ವೇ ಸ್ವಿಚ್ಚಿಗೆ ಇರುವಂತೆ: ಸುರುಳಿ ಮಲಗಿದ್ದಾಗ ನಡುವಿನ ಕಾಲು ಒಂದು ಕಡೆ ತಾಗಿರುತ್ತದೆ, ಎಚ್ಚರವಾದಾಗ ಇನ್ನೊಂದು ಕಡೆ. ಅಂದರೆ ಮೆಟ್ಟಿಲಿನ ಒಂದು ಸ್ವಿಚ್ಚಿನ ಜಾಗದಲ್ಲಿ ರಿಲೇ ಕೂರಿಸಬಹುದು. ಫೇಸ್ ರಿಲೇಯ ನಡುವಿನ ಕಾಲಿಗೆ, ಅದರ ಎರಡು ತುದಿಯಿಂದ ಎರಡು ವೈರು ಗೋಡೆಯ ಟೂ-ವೇ ಸ್ವಿಚ್ಚಿಗೆ, ಅದರ ನಡುವಿನ ಕಾಲಿನಿಂದ ಲೈಟಿಗೆ. ಮಾಮೂಲಿ ಸ್ವಿಚ್ ತೆಗೆದು ಟೂ-ವೇ ಸ್ವಿಚ್ ಹಾಕಬೇಕು, ಅಷ್ಟೇ. ರಿಮೋಟಿನಿಂದಲೂ ಆಯಿತು, ಗೋಡೆಯಿಂದಲೂ ಆಯಿತು, ನೆಂಟರಿಗೂ ಆಯಿತು. (ಎಂಸಿಬಿ ಇಳಿಸಿ, ಟೆಸ್ಟರ್ ಹಚ್ಚಿ ನೋಡಿ, ತಿಳಿದವರ ಕೈಯಲ್ಲೇ ಮಾಡಿಸಿ. ಬಾಲ ಕತ್ತರಿಸಬೇಡಿ ಅಂತ ಮೊದಲೇ ಹೇಳಿ.)

ನಾನು ಇದನ್ನು ಮಾಡಿ ಎರಡು ವಾರ ಬೀಗಿದೆ. ಆಮೇಲೆ ಮಳೆಗಾಲದ ಒಂದು ರಾತ್ರಿ ಎರಡು ಗಂಟೆಗೆ ಅಮ್ಮನ ಕೋಣೆಯ ಲೈಟ್ ತಾನಾಗಿ ಹತ್ತಿಕೊಂಡಿತು. ಅಮ್ಮ ಗಾಬರಿಯಾಗಿ ನನ್ನನ್ನು ಕೂಗಿದರು.

ಆಗಿದ್ದು ಇಷ್ಟು. ಅವತ್ತು ರಾತ್ರಿ ಅಮ್ಮ ರಿಮೋಟಿನಿಂದ ಲೈಟ್ ಆರಿಸಿದಾಗ ರಿಲೇ ಎಳೆದುಕೊಂಡ ಸ್ಥಿತಿಯಲ್ಲಿತ್ತು. ಟೂ-ವೇ ಜೋಡಣೆಯಲ್ಲಿ ರಿಲೇ ಎಳೆದುಕೊಂಡಿದೆ ಅಂದರೆ ಲೈಟ್ ಹತ್ತಿದೆ ಅಂತಲ್ಲ. ಗೋಡೆಯ ಸ್ವಿಚ್ ಯಾವ ಕಡೆ ಇದೆ ಅನ್ನುವುದರ ಮೇಲೆ ಹೋಗುತ್ತದೆ. ಕರೆಂಟ್ ಹೋಯಿತು, ರಿಲೇ ಕೈಬಿಟ್ಟು ಹಿಂದಕ್ಕೆ ಬಿತ್ತು. ಎರಡು ಗಂಟೆಗೆ ಕರೆಂಟ್ ಬಂದಾಗ ನನ್ನ ಅಗ್ಗದ ರಿಸೀವರಿಗೆ ಮೊದಲು ಹೇಗಿತ್ತು ಅನ್ನುವ ನೆನಪೇ ಇಲ್ಲ. ರಿಲೇ ಹಿಂದೆಯೇ ಉಳಿಯಿತು, ದಾರಿ ಕೂಡಿತು, ಲೈಟ್ ಹತ್ತಿತು. ಕರೆಂಟ್ ಹೋಗಿ ಬಂದರೆ ಹಳೆಯ ಸ್ಥಿತಿಗೇ ಮರಳುವ, ಮೆಮೊರಿ ಇರುವ ರಿಸೀವರುಗಳು ಸಿಗುತ್ತವೆ. ಬೆಲೆ ಸ್ವಲ್ಪ ಜಾಸ್ತಿ. ನಮ್ಮ ಮಲೆನಾಡಿನ ಕಡೆ ಮಳೆಗಾಲ ಕಂಡವರಿಗೆ ಆ ಜಾಸ್ತಿ ಕೊಡುವುದೇ ಲೇಸು. ಗೋಡೆಯ ಸ್ವಿಚ್ಚಿನ ಎರಡು ವೈರನ್ನು ತನ್ನೊಳಕ್ಕೆ ತೆಗೆದುಕೊಂಡು, ಸ್ವಿಚ್ ಬದಲಾದದ್ದನ್ನೂ ಒಂದು ಸುದ್ದಿಯಂತೆ ಕೇಳಿಸಿಕೊಳ್ಳುವ ಪೆಟ್ಟಿಗೆಗಳೂ ಇವೆ. ಹೊಸದಾಗಿ ಮಾಡಿಸುವವರು ಅಂಥದ್ದನ್ನೇ ಕೇಳಿ ತನ್ನಿ.

ಕಣ್ಣಿಗೆ ಕಾಣದವು

ಲೈಟು ಕಣ್ಣೆದುರಿಗಿದೆ. ಒಂದು ಸಲ ತಪ್ಪಿದರೆ ಇನ್ನೊಂದು ಸಲ ಒತ್ತಿದರಾಯಿತು. ಹಾಗಾಗಿ ಒಂದೇ ಗುಂಡಿ, ಒತ್ತಿದಾಗಲೆಲ್ಲ ಬದಲಾಗುವ ಟಾಗಲ್ ಪದ್ಧತಿ ಲೈಟಿಗೆ ಸಾಕು. ಮಾಳಿಗೆಯ ಗೀಸರಿಗೋ ಅಂಗಳದ ಪಂಪಿಗೋ ಇದು ನಡೆಯದು. ಆರಿಸಿದೆನಾ ಅಂತ ಅನುಮಾನ ಬಂದು ಇನ್ನೊಮ್ಮೆ ಒತ್ತಿದರೆ ಮತ್ತೆ ಹೊತ್ತಿಕೊಳ್ಳುತ್ತದೆ! ಅಲ್ಲಿ ಹಾಕಲು ಒಂದು, ಆರಿಸಲು ಇನ್ನೊಂದು ಗುಂಡಿ ಬೇಕು. ಆರಿಸುವ ಗುಂಡಿಯನ್ನು ಹತ್ತು ಸಲ ಒತ್ತಿದರೂ ನಷ್ಟ ಇಲ್ಲ. ಬಹಳ ರಿಸೀವರುಗಳಲ್ಲಿ ಎರಡು ಪಿನ್ ಕೂಡಿಸುವ ಒಂದು ಸಣ್ಣ ಟೋಪಿ (ಜಂಪರ್) ಸರಿಸಿದರೆ, ಅಥವಾ ಕಲಿಸುವ ಗುಂಡಿಯನ್ನು ಇಂತಿಷ್ಟು ಸಲ ಒತ್ತಿದರೆ ಈ ಪದ್ಧತಿಗೆ ಬದಲಾಗುತ್ತದೆ.

ನನಗೆ ಇದು ಗೊತ್ತಿರಲಿಲ್ಲ. ಉಳಿದ ಒಂದು ಗುಂಡಿಯನ್ನು ಸಂಪಿನ ಮೋಟರಿಗೆ ಜೋಡಿಸಿದ್ದೆ. ಒಂದು ಭಾನುವಾರ ಟಿವಿ ನೋಡುತ್ತಾ ಕೂತಲ್ಲಿಂದಲೇ ಒತ್ತಿ ಆರಿಸಿದೆ ಅಂದುಕೊಂಡೆ. ರಿಮೋಟಿನ ಕೆಂಪು ದೀಪ ಮಿಣುಕಿತ್ತು. ಆ ದೀಪ ಹೇಳುವುದು 'ನಾನು ಕೂಗಿದೆ' ಅಂತ ಮಾತ್ರ. ಎರಡು ಗಂಟೆ ಕಳೆದ ಮೇಲೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೂಗಿ ಹೇಳಿದರು, ನಿಮ್ಮ ಟ್ಯಾಂಕ್ ತುಂಬಿ ನಮ್ಮ ಹಪ್ಪಳ ತೋಯಿತು ಅಂತ.

ಪಂಪಿಗೆ ನಿಜವಾಗಿ ಬೇಕಿದ್ದುದು ರಿಮೋಟೇ ಅಲ್ಲ, ಫ್ಲೋಟ್ ಸ್ವಿಚ್. ಟ್ಯಾಂಕಿನಲ್ಲಿ ತೇಲುವ ಬುರುಡೆ, ನೀರು ಏರಿದರೆ ಮೇಲೆದ್ದು ಮೋಟರ್ ನಿಲ್ಲಿಸುತ್ತದೆ. ಸಂಪಿನಲ್ಲಿ ಇನ್ನೊಂದು, ನೀರು ತಳ ಕಂಡರೆ ಮೋಟರ್ ಓಡಲು ಬಿಡುವುದಿಲ್ಲ. ಒಣ ಓಡಿದರೆ ಪಂಪಿನ ಸೀಲ್ ಸುಟ್ಟುಹೋಗುತ್ತದೆ. ನೀರೇ ತನ್ನ ಸ್ಥಿತಿಯನ್ನು ಮೋಟರಿಗೆ ಹೇಳುವಾಗ ನಾವು ನಡುವೆ ಯಾಕೆ? ಮೆಟ್ಟಿಲಿಗೆ, ಬಚ್ಚಲಿಗೆ ಮನುಷ್ಯರ ಮೈ ಬಿಸಿಯ ಓಡಾಟ ಗುರುತಿಸುವ ಪಿಐಆರ್ ಸೆನ್ಸರ್, ಗೇಟಿನ ದೀಪಕ್ಕೆ ಹಗಲು ರಾತ್ರಿ ತಿಳಿಯುವ ಸೆನ್ಸರ್ ಕೂಡ ಇದೇ ಜಾತಿ. ಗುಂಡಿ ಒತ್ತುವ ಗೋಜೇ ಇಲ್ಲ.

ಭಾರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀಲಿ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ. ವಾಟ್ಸನ್ನು 230ರಿಂದ ಭಾಗಿಸಿದರೆ ಸರಿಸುಮಾರು ಆಂಪಿಯರ್ ಸಿಗುತ್ತದೆ. 9 ವಾಟಿನ ಬಲ್ಬಿಗೆ 0.04, ಮಾಮೂಲಿ 75 ವಾಟಿನ ಫ್ಯಾನಿಗೆ 0.33. ಇವು ರಿಲೇಗೆ ಲೆಕ್ಕಕ್ಕೇ ಇಲ್ಲ. 2000 ವಾಟಿನ ಗೀಸರಿಗೆ 8.7, ಆಗಲೇ ಏದುಸಿರು. 3000 ವಾಟಿನದಕ್ಕೆ 13, ಆಗದ ಮಾತು. ಮೋಟರ್ ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಹೆಚ್ಚು ಕರೆಂಟನ್ನು ಶುರುವಾಗುವ ಆ ಒಂದು ಕ್ಷಣ ಎಳೆಯುತ್ತದೆ. ಆ ಕಿಡಿಗೆ ರಿಲೇಯ ತುದಿಗಳು ಬೆಸೆದುಕೊಂಡರೆ ಮುಗಿಯಿತು, ಯಾವ ರಿಮೋಟ್ ಒತ್ತಿದರೂ ಬಿಡುವುದಿಲ್ಲ. ಅಂಥ ಕಡೆ ಈ ರಿಲೇ ಒಂದು ಕಾಂಟ್ಯಾಕ್ಟರನ್ನು, ಅಂದರೆ ದೊಡ್ಡ ಭಾರಕ್ಕೆಂದೇ ಮಾಡಿದ ದೊಡ್ಡ ರಿಲೇಯನ್ನು ಎಳೆಯಬೇಕು, ಕಾಂಟ್ಯಾಕ್ಟರ್ ಮೋಟರನ್ನು ಎಳೆಯಬೇಕು. ಇಸ್ತ್ರಿಪೆಟ್ಟಿಗೆ, ಹೀಟರ್ ಕಾಯಿಲ್ ಇಂಥವನ್ನು ಯಾವ ರಿಮೋಟಿಗೂ ಜೋಡಿಸಬೇಡಿ. ಎದುರಿಗೆ ಮನುಷ್ಯರಿಲ್ಲದಾಗ ಹೊತ್ತಿಕೊಳ್ಳಬಾರದ ವಸ್ತುಗಳು ಅವು.

ಫ್ಯಾನಿಗೆ ರಿಮೋಟ್ ಬೇಕಾದರೆ, ರಿಮೋಟ್ ಜೊತೆಗೇ ಬರುವ ಬಿಎಲ್‌ಡಿಸಿ ಫ್ಯಾನ್ ಕೊಳ್ಳುವುದು ಒಳ್ಳೆಯದು. 75 ವಾಟಿನ ಜಾಗದಲ್ಲಿ 30ರ ಆಸುಪಾಸು ಸಾಕು. ಆದರೆ ಗೋಡೆಯ ಹಳೇ ರೆಗ್ಯುಲೇಟರನ್ನು ತೆಗೆಸಿ ನೇರ ಕರೆಂಟ್ ಕೊಡಿ, ಅದರ ಮೂಲಕ ಹೋದರೆ ಒಳಗಿನ ಎಲೆಕ್ಟ್ರಾನಿಕ್ಸ್ ಹಾಳಾಗಬಹುದು.

ಇಷ್ಟೆಲ್ಲ ಯಾಕೆ, ವೈಫೈ ಸ್ವಿಚ್ ಹಾಕಿದರೆ ಆಗಲ್ವಾ ಅಂತ ತಂಗಿ ಕೇಳಿದಳು. ಆಗುತ್ತದೆ. ಅದಕ್ಕೆ ಒಂದು ದೊಡ್ಡ ಗುಣ ಇದೆ: ಬಾಯಿಯ ಜೊತೆ ಕಿವಿಯೂ ಇದೆ. ಆರಿಸು ಅಂದರೆ 'ಆರಿಸಿದೆ' ಅಂತ ವಾಪಸ್ ಹೇಳುತ್ತದೆ. ದುಬೈಯಲ್ಲಿ ಕೂತು ಊರಿನ ಗೇಟಿನ ದೀಪ ಹತ್ತಿದೆಯಾ ನೋಡಬೇಕಾದವರಿಗೆ ಇದೇ ಸರಿ. ಆದರೆ ಬಹಳ ಸ್ವಿಚ್ಚುಗಳಲ್ಲಿ ಮಾತು ಹೋಗುವ ದಾರಿ ನೋಡಿ: ನಿಮ್ಮ ಫೋನಿನಿಂದ ರೂಟರಿಗೆ, ಅಲ್ಲಿಂದ ಎಲ್ಲೋ ಇರುವ ಕಂಪನಿಯ ಸರ್ವರಿಗೆ, ಮತ್ತೆ ಅದೇ ರೂಟರಿಗೆ, ಕೊನೆಗೆ ಎರಡು ಮಾರು ದೂರದ ಬಲ್ಬಿಗೆ. ಪಕ್ಕದಲ್ಲಿ ಕೂತವರಿಗೆ ಉಪ್ಪು ಕೊಡಿ ಅನ್ನಲು ಸೀಮೆಯಾಚೆಗೆ ಕಾಗದ ಬರೆದ ಹಾಗೆ. ಇಂಟರ್ನೆಟ್ ಹೋದರೆ ಕೆಲವು ಮೂಕವಾಗುತ್ತವೆ. ಕಂಪನಿಯೇ ಹೋದರೆ? 2022ರ ಏಪ್ರಿಲಿನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಇದ್ದಕ್ಕಿದ್ದಂತೆ ನಿಂತುಹೋದವು. ಜನ ಫೋನಿನಿಂದ ತಮ್ಮದೇ ಮನೆಯ ದೀಪ ಹತ್ತಿಸಲು ಆಗದೆ ಕೂತರು. ಕೆಲವೇ ತಿಂಗಳಲ್ಲಿ ಬಳಕೆದಾರರದೇ ಒಂದು ಗುಂಪು ಅದನ್ನು ಕೊಂಡು ಮತ್ತೆ ಚಾಲೂ ಮಾಡಿತು ಅನ್ನುವುದು ಬೇರೆ ಮಾತು. ಕೊಳ್ಳುವ ಮುನ್ನ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಇಂಟರ್ನೆಟ್ ಇಲ್ಲದಾಗ ಮನೆಯೊಳಗೆ ಕೆಲಸ ಮಾಡುತ್ತದಾ? ಕರೆಂಟ್ ಹೋಗಿ ಬಂದರೆ ಯಾವ ಸ್ಥಿತಿಗೆ ಬರುತ್ತದೆ? ಇನ್ನೊಂದು, ಇಂಥವು ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ರೂಟರ್ 5 ಗಿಗಾಹರ್ಟ್ಸ್ ಮಾತ್ರ ಬಿಡುತ್ತಿದ್ದರೆ ಎಷ್ಟು ತಡಕಾಡಿದರೂ ಸೇರದು.

ಅಮ್ಮನಿಗೆ ಫೋನಿನಲ್ಲಿ ಆಪ್ ತೆರೆದು ಲೈಟ್ ಆರಿಸುವುದು ಸುತರಾಂ ಬೇಡ. ರಿಮೋಟಿಗೆ ಒಂದು ದಾರ ಪೋಣಿಸಿ ಮಂಚದ ತಲೆಗೆ ಕಟ್ಟಿಕೊಂಡಿದ್ದಾರೆ, ಥೇಟ್ ಹಳೇ ಬೆಡ್ ಸ್ವಿಚ್ಚಿನ ಹಾಗೆ. ಅದರೊಳಗೆ 12 ವೋಲ್ಟಿನ ಗಿಡ್ಡ ಬ್ಯಾಟರಿ. ಊರಿನ ಅಂಗಡಿಯಲ್ಲಿ ಸಿಗದ್ದರಿಂದ ಎರಡು ತಂದು ಕನ್ನಡಕದ ಡಬ್ಬಿಯಲ್ಲಿಟ್ಟಿದ್ದೇನೆ. ಮೆಮೊರಿ ಇರುವ ಹೊಸ ರಿಸೀವರ್ ತರುವಾಗ, ರಿಲೇ ಇಲ್ಲದ, ಸದ್ದೇ ಮಾಡದ ಮಾದರಿಯೂ ಇದೆ, ತರಲಾ ಅಂತ ಕೇಳಿದೆ. ಬೇಡ ಅಂದರು. 'ಟಕ್ ಅಂತ ಅಲ್ಲಿಂದ ಕೇಳ್ಬೇಕು ಕಣೋ. ಇಲ್ದಿದ್ರೆ ಕಣ್ಮುಚ್ಚಿ ಒತ್ತಿದಾಗ ಆರ್ತೋ ಇಲ್ವೋ ಅಂತ ಮತ್ತೆ ಕಣ್ಬಿಟ್ಟು ನೋಡ್ಬೇಕಾಗತ್ತೆ.'